ಪೊಡಿಯಬ್ಬನ ಕಣ್ಣೆತ್ತರ

ಜುಮಾ ಸಂತೆಯ ನೆಲಹಾಸಿನ ಮೇಲೆ
ಕಿಲೋ ಲೆಕ್ಕದಲ್ಲಿ ಸುರಿದಿದ್ದ ಪ್ಲಾಸ್ಟಿಕ್ಕಿನೊಳಗೆ ಇವನಿದ್ದ.
ಮುರಿದ ಕಾರಿನ ಚಕ್ರ, ಯಾವುದೋ ಗೊಂಬೆಯ ಬೂಟು,
ಒಂಟಿ ಕುದುರೆ, ಮತ್ತೆ ಇವನು:
ಬಲಗೈ ಇಲ್ಲ, ನಗು ಮಾತ್ರ ಪೂರ್ತಿ.
ಕಾಲು ದಿನಾರ್ ಕೊಟ್ಟೆ. ಕುದುರೆಯನ್ನು ಬಿಟ್ಟುಬಂದೆ,
ಈಗಲೂ ಅದೊಂದು ಕೊರಗು.

ತೋರುಬೆರಳಿನ ಎರಡು ಗೆಣ್ಣಿನಷ್ಟು ಆಳು.
ಪೊಡಿಯಬ್ಬ ಅಂತ ಕರೆದೆ. ನಮ್ಮ ಕಡೆ
ಆರಡಿ ಗಂಡಸಿಗೂ ಆ ಹೆಸರಿರುತ್ತದೆ,
ಪೊಡಿ ಅಂದರೆ ಚಿಕ್ಕದು ಎಂಬುದು
ಕರೆಯುವಾಗ ಯಾರಿಗೂ ನೆನಪಾಗುವುದಿಲ್ಲ.

ಹಗಲೆಲ್ಲ ನಾನು ಫಹಾಹೀಲಿನ ಲ್ಯಾಬಿನಲ್ಲಿ
ಹಲ್ಲು ಮಾಡುವವನು.
ನೋಡದ ಬಾಯಿಗಳಿಗೆ ದವಡೆಹಲ್ಲು, ಕೋರೆಹಲ್ಲು,
ಯಾರದೋ ನಿಕಾಹ್‌ಗೆ ಮುಂಚಿನ ಅವಸರದ ಮುಂಬಲ್ಲು.
ರಾತ್ರಿಯಾದರೆ ಅದೇ ಮೇಣ, ಅದೇ ಚಿಮಟ,
ಅದೇ ಉದ್ದ ಹಿಡಿಯ ಪುಟ್ಟ ಕನ್ನಡಿ
ಪೊಡಿಯಬ್ಬನ ಚಾಕರಿಗೆ.

ಹೇಗೆ ತೆಗೆಯುತ್ತಿ ಮಾರಾಯ, ಎಂದ ರೂಮಿನ ಸಿರಾಜುದ್ದೀನ್.
ಮೊದಲು ಮಲಗು, ಎಂದೆ.
ಹೊಟ್ಟೆ ನೆಲಕ್ಕೆ, ಗದ್ದ ನೆಲಕ್ಕೆ.
ನಿಂತು ತೆಗೆದರೆ ಅವನು ಆಟಿಕೆ.
ಅಂಗಾಲಿಗೆ ಕಡಲೆಬೇಳೆಯಷ್ಟು ಮೇಣ ಒತ್ತು,
ಇಲ್ಲವಾದರೆ ಏಸಿಯ ಗಾಳಿಗೇ ಮಕಾಡೆ ಬೀಳುತ್ತಾನೆ.
ದೀಪ ಅವನ ಬೆನ್ನಿಗಿರಲಿ.
ಮುಖಕ್ಕೆ ಈ ಕನ್ನಡಿಯಿಂದ
ಒಂದು ಚೂರು ಬೆಳಕು ಸಾಲ ತಂದು ಕೊಡು.
ಅಚ್ಚಿನ ಬಿಳಿಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ
ತಟ್ಟಿದರೆ ಹಿಮ.
(ಹಿಮ ಕಂಡವರು ನಮ್ಮ ರೂಮಿನಲ್ಲಿ ಯಾರೂ ಇಲ್ಲ,
ಹಾಗಾಗಿ ತಕರಾರೂ ಇಲ್ಲ.)
ಕಿಟಕಿಯಾಚೆಯ ದೂರವನ್ನು ಮಸುಕು ಮಾಡು:
ಅಹ್ಮದಿಯ ತೈಲದ ಬೆಂಕಿ
ಕಿತ್ತಳೆಹಣ್ಣಾಗಿ ಅವನ ತಲೆಯ ಹಿಂದೆ ತೂಗುತ್ತದೆ.
ಈಗ ಉಸಿರು ಹಿಡಿ.

ಸಿರಾಜುದ್ದೀನ್ ಹಿಡಿದ,
ಹಿಡಿದ,
ಸೀನಿದ.
ಹಿಮಪಾತ! ಆ ಚಿತ್ರವೇ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಮಾರ್ಚಿನ ಒಂದು ಶುಕ್ರವಾರ ಅವನನ್ನು
ಅಬು ಹಲೀಫಾದ ದಂಡೆಗೆ ಒಯ್ದೆ.
ಬೆಂಕಿಕಡ್ಡಿಯ ತುದಿಯಿಂದ ಅವನ ಹಿಂದೆ
ಹದಿನಾರು ಹೆಜ್ಜೆ ಒತ್ತಿದೆ,
ಎಲ್ಲಿಂದಲೋ ನಡೆದು ಬಂದವನ ಹಾಗೆ.
ಹದಿನೇಳನೆಯದಕ್ಕೆ ಗಾಳಿ ತಿರುಗಿತು.
ತೋಜ್! ತೋಜ್! ಎಂದು ಯಾರೋ ಕೂಗಿದರು,
ಹಳದಿ ಗೋಡೆಯೊಂದು ಎದ್ದು ನಡೆದು ಬಂತು.
ಅಂಗಿಯೊಳಗೆ ಮೂಗು ಮುಚ್ಚಿ ಒಂದೇ ಒಂದು ಸಲ ಒತ್ತಿದೆ.
ಕಣ್ಣು ಬಿಟ್ಟಾಗ ಹೆಜ್ಜೆಗಳಿಲ್ಲ,
ಅವನೂ ಇಲ್ಲ.

ಏನು ಕಳೆಯಿತು, ಉಂಗುರವಾ? ಎಂದ
ದಂಡೆ ಗುಡಿಸುವ ಮೊತಾಲೆಬ್ ಭಾಯ್.
ಒಬ್ಬ ಮನುಷ್ಯ, ಎಂದೆ ನನ್ನ ಅರೆಬರೆ ಹಿಂದಿಯಲ್ಲಿ,
ಬೆರಳಿನಲ್ಲಿ ಅಳತೆ ತೋರಿಸಿದೆ.
ಅವನು ನಗಲಿಲ್ಲ.
ಸಿಗರೇಟಿನ ತುಂಡು ಸೋಸುವ ಜರಡಿ ತಂದ.
ಅಸರ್ ಬಾಂಗಿನವರೆಗೆ ಇಬ್ಬರೂ ಮಂಡಿಯೂರಿ
ಕಡಲದಂಡೆಯನ್ನು ರವೆಯಂತೆ ಜಾಳಿಸಿದೆವು.
ಬಾಟಲಿ ಮುಚ್ಚಳ, ಕಪ್ಪೆಚಿಪ್ಪು, ಒಂದು ಕಿವಿಯೋಲೆ,
ಕೊನೆಗೆ ತಲೆ.
ತಲೆ ಮಾತ್ರ.

ವಸಡು ಮಾಡುವ ಗುಲಾಬಿ ಅಕ್ರಿಲಿಕ್ಕಿನಲ್ಲಿ
ಅವನಿಗೆ ಹೊಸ ಮೈ ಎರೆದೆ.
ಎರಡು ಕೈ ಇಡಬಹುದಿತ್ತು, ಒಂದೇ ಇಟ್ಟೆ,
ಯಾಕೆಂದು ಕೇಳಿದರೆ ಉತ್ತರವಿಲ್ಲ.

ಮರುವಾರ ತೋರಿಸಲು ಹೋದೆ.
ಧೂಳಿನಲ್ಲಿ ಒತ್ತಿದ ಆ ಚಿತ್ರವನ್ನೂ.
ಬರೀ ಹಳದಿ ಬಂದಿದೆ ಭಾಯ್, ಅಳಿಸುತ್ತೇನೆ, ಎಂದೆ.
ತಡೆ, ಇದರೊಳಗೆ ಅವನಿದ್ದಾನಲ್ಲ,
ಎಂದು ತನ್ನ ಒಡಕು ಫೋನಿಗೆ ಹಾಕಿಸಿಕೊಂಡ.
ಆಮೇಲೆ ಪೊರಕೆಯನ್ನು ಬದಿಗಿಟ್ಟು, ಕಾಲರು ಸರಿಮಾಡಿ,
ನನ್ನದೂ ಒಂದು, ಎಂದ.

ಅಭ್ಯಾಸಬಲ, ನಾನು ಮರಳಿನ ಮೇಲೆ ಮಲಗಿಬಿಟ್ಟೆ.
ಎಷ್ಟು ಹಿಂದಕ್ಕೆ ತೆವಳಿದರೂ
ಅಷ್ಟೆತ್ತರದ ಆಳು ಚೌಕಟ್ಟಿಗೆ ಹಿಡಿಸಲಿಲ್ಲ,
ಟೋಪಿ ಕತ್ತರಿಸಿಹೋಯಿತು.